ಜಪಾನಿ ಅಡುಗೆ ಚಾಕುವಿನ ಬೆನ್ನು, ಬೆರಳು ಮತ್ತು ಹಿಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ಚಾಕು ಕೊಳ್ಳುವಾಗ ಎಲ್ಲರೂ ಬಾಯಿಯ ಹರಿತವನ್ನು ನೋಡುತ್ತಾರೆ, ಉಕ್ಕಿನ ಹೆಸರು ವಿಚಾರಿಸುತ್ತಾರೆ. ಒಂದು ವಾರ ಈರುಳ್ಳಿ, ಕೋಸು, ಕ್ಯಾರೆಟ್ ಹೆಚ್ಚಿದ ಮೇಲೆ ಬರುವ ಪ್ರಶ್ನೆಗಳೇ ಬೇರೆ. ತೋರುಬೆರಳಿನ ಬುಡದಲ್ಲಿ ಕೆಂಪು ಗೆರೆ ಏಕೆ ಮೂಡುತ್ತಿದೆ? ನಡುಬೆರಳಿನ ಪಕ್ಕ ಏಕೆ ಉರಿಯುತ್ತಿದೆ? ಹರಿತ ಸರಿಯಿದ್ದರೂ ಕೈ ಏಕೆ ಬೇಗ ಸೋಲುತ್ತದೆ? ಬಹಳಷ್ಟು ಸಲ ಉತ್ತರ ಸಿಗುವುದು ಚಾಕುವಿನ ಬೆನ್ನಿನಲ್ಲಿ.

ಬೆನ್ನು ಎಂದರೆ ಸರಿಯಾಗಿ ಯಾವ ಭಾಗ?

ಬಾಯಿಗೆ ಎದುರಿನ ಮೇಲಂಚು ಬೆನ್ನು. ಜಪಾನಿನಲ್ಲಿ ಇದನ್ನು ಮಿನೆ ಅನ್ನುತ್ತಾರೆ. ಬಾಯಿಯ ಹಿಂತುದಿ ಹಿಮ್ಮಡಿ, ಅಲ್ಲಿನ ಚೂಪು ಮೂಲೆಗೆ ಆಗೊ ಎಂದು ಹೆಸರು. ಹಿಮ್ಮಡಿಯಿಂದ ಹಿಡಿಯ ಕಡೆಗೆ ಏರುವ ಹಿಂಭಾಗದ ಕಿರಿದಾದ ಮುಖವೂ ಬೆರಳಿಗೆ ತಾಗುತ್ತದೆ. ಹಾಗಾಗಿ ಬೆನ್ನಿನ ಮಾತು ಬಂದಾಗ ಆ ಮುಖವನ್ನೂ ಸೇರಿಸಿಯೇ ಮಾತಾಡಬೇಕು. ಸಕಾಯಿ ಊರಿನ ಶೈಲಿಯ ಹಲವು ಚಾಕುಗಳಲ್ಲಿ ಹಿಡಿಗೂ ಅಲಗಿನ ಭುಜಕ್ಕೂ ನಡುವೆ ಕೆಲವು ಮಿಲಿಮೀಟರ್ ಖಾಲಿ ಜಾಗ ಇರುತ್ತದೆ. ಅದು ಮಾಚಿ. ಆ ಭುಜದ ಮೂಲೆಗಳು ಚೂಪಾಗಿದ್ದರೆ ಅವೂ ಬೆರಳಿಗೆ ಒತ್ತುತ್ತವೆ.

ಕೊಯ್ಯುವುದು ಬಾಯಿ ತಾನೆ? ಬೆನ್ನಿನ ಆಕಾರದಿಂದ ಏನು ವ್ಯತ್ಯಾಸ?

ನೀವು ಚಾಕುವನ್ನು ಹೇಗೆ ಹಿಡಿಯುತ್ತೀರಿ ಅನ್ನುವುದರ ಮೇಲೆ ಇದೆ. ಬರೀ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದರೆ ಬೆನ್ನು ಕೈಗೆ ತಾಗುವುದೇ ಇಲ್ಲ. ಈಳಿಗೆ ಮಣೆಯಲ್ಲಂತೂ ಅಲಗು ನಿಂತಲ್ಲೇ ಇರುತ್ತದೆ, ತರಕಾರಿ ಓಡಾಡುತ್ತದೆ. ಅಲ್ಲಿ ಈ ಪ್ರಶ್ನೆಯೇ ಏಳದು. ಗ್ಯೂಟೊ (ಎಲ್ಲ ಕೆಲಸಕ್ಕೆ ಬರುವ ಉದ್ದ ಚಾಕು), ಸಾಂಟೋಕು (ಅದಕ್ಕಿಂತ ಗಿಡ್ಡನೆಯ ಮನೆಬಳಕೆಯ ಚಾಕು), ನಾಕಿರಿ (ತರಕಾರಿ ಚಾಕು) ಇವುಗಳನ್ನು ಚಿವುಟಿ ಹಿಡಿದಾಗ ವಿಷಯ ಬೇರೆ. ಹೆಬ್ಬೆರಳು ಅಲಗಿನ ಒಂದು ಮುಖಕ್ಕೆ, ಮಡಿಸಿದ ತೋರುಬೆರಳಿನ ಪಕ್ಕ ಇನ್ನೊಂದು ಮುಖಕ್ಕೆ ಒತ್ತಿರುತ್ತದೆ. ತೋರುಬೆರಳಿನ ಬುಡದ ಮೆತ್ತನೆಯ ಭಾಗ ಬೆನ್ನಿನ ಮೇಲೆ ಕೂತಿರುತ್ತದೆ. ನಡುಬೆರಳು ಹಿಮ್ಮಡಿಯ ಹಿಂಭಾಗಕ್ಕೆ ಒರಗಿರುತ್ತದೆ. ಅಲಗು ಕೆಳಗಿಳಿದು ಗಟ್ಟಿ ತರಕಾರಿಗೆ ತಾಗಿದ ಕ್ಷಣ ಅದರ ಪ್ರತಿಬಲವೆಲ್ಲ ಬೆನ್ನಿನ ಮೂಲಕ ಈ ಎರಡು ಜಾಗಗಳಿಗೇ ಬರುತ್ತದೆ.

ಬೆನ್ನಿನ ಅಂಚು 90 ಡಿಗ್ರಿ ಮೂಲೆಯಾಗಿದ್ದರೆ ಆ ಬಲ ಕೂದಲೆಳೆಯಷ್ಟು ಗೆರೆಯ ಮೇಲೆ ಬೀಳುತ್ತದೆ. ಅಂಚನ್ನು ಅರ್ಧ ಮಿಲಿಮೀಟರ್ ದುಂಡಗೆ ಮಾಡಿದರೆ ಅದೇ ಬಲ ಅಗಲವಾಗಿ ಹರಡುತ್ತದೆ. ಹಿತ ಅನ್ನುವುದು ಇಷ್ಟೇ. ಹತೋಟಿ ಈ ಹಿತವನ್ನು ಅನುಸರಿಸಿಯೇ ಬರುತ್ತದೆ. ಅಂಚು ಕುಟುಕುತ್ತಿದ್ದರೆ ಕೈ ತಾನಾಗಿಯೇ ಹಿಂದೆ ಸರಿದು ಹಿಡಿಗೆ ಹೋಗುತ್ತದೆ, ಇಲ್ಲವೇ ಬೆರಳುಗಳು ಬಿಗಿಯಾಗುತ್ತವೆ. ಹಿಂದೆ ಸರಿದ ಕೈಯಲ್ಲಿ ಮೊನೆ ಅಲ್ಲಾಡುತ್ತದೆ. ಬಿಗಿಯಾದ ಕೈಗೆ ಅಲಗು ಓರೆಯಾಗುತ್ತಿರುವುದು ಗೊತ್ತಾಗುವುದಿಲ್ಲ. ತೆಳುವಾಗಿ, ಒಂದೇ ಅಳತೆಯಲ್ಲಿ ಹೆಚ್ಚಬೇಕಾದರೆ ಹಿಡಿತ ಸಡಿಲವಾಗಿರಬೇಕು, ಬೆನ್ನು ಅದಕ್ಕೆ ಅವಕಾಶ ಕೊಡಬೇಕು.

ಇಷ್ಟು ದುಬಾರಿ ಚಾಕುವಿನ ಬೆನ್ನನ್ನು ತಯಾರಕರು ಚೂಪಾಗಿಯೇ ಏಕೆ ಬಿಡುತ್ತಾರೆ?

ಕೆಲಸದ ಸಮಯ ಮುಖ್ಯ ಕಾರಣ. ಒಸಾಕಾ ಪ್ರಾಂತ್ಯದ ಸಕಾಯಿಯಲ್ಲಿ ಒಂದು ಚಾಕು ಸಾಮಾನ್ಯವಾಗಿ ಮೂರು ಕೈ ದಾಟುತ್ತದೆ: ಕುಲುಮೆಯವರು ಬಡಿದು ಗಟ್ಟಿ ಮಾಡುತ್ತಾರೆ, ಸಾಣೆಯವರು ಅಲಗು ಇಳಿಸಿ ಹರಿತ ತರುತ್ತಾರೆ, ಮೂರನೆಯವರು ಹಿಡಿ ಹಾಕುತ್ತಾರೆ. ಬೆನ್ನು ಮತ್ತು ಹಿಮ್ಮಡಿಯನ್ನು ದುಂಡಗೆ ಮಾಡಿ ಹೊಳಪು ಕೊಡುವುದು ಸಾಣೆಯ ಹಂತಕ್ಕೆ ಸೇರುವ ಹೆಚ್ಚುವರಿ ಕೆಲಸ, ಬೆಲೆಗೂ ಸೇರುತ್ತದೆ. ಹಾಗಾಗಿ ಒಂದೇ ಅಂಗಡಿಯ ಅಗ್ಗದ ಸಾಲಿನಲ್ಲಿ ಚೌಕ ಬೆನ್ನು, ಮೇಲಿನ ಸಾಲಿನಲ್ಲಿ ದುಂಡು ಬೆನ್ನು ಇರುವುದು ಸಾಮಾನ್ಯ. ಶಿಕೋಕು ದ್ವೀಪದ ತೊಸಾ ಕಡೆಯ ಕಪ್ಪು ಮೇಲ್ಮೈಯ ಚಾಕುಗಳಲ್ಲಿ ಬೆನ್ನನ್ನು ಕುಲುಮೆಯಿಂದ ಬಂದ ಹಾಗೆಯೇ ಬಿಟ್ಟಿರುವುದೂ ಉಂಟು. ಇದನ್ನು ದೋಷ ಎನ್ನಲಾಗದು. ಕೊನೆಯ ಒಂದು ಹಂತವನ್ನು ಬಳಸುವವರಿಗೆ ಬಿಟ್ಟಿದ್ದಾರೆ ಎಂದುಕೊಂಡರೆ ಸರಿ.

ಬೆನ್ನಿನ ಅಂಚಿನಲ್ಲಿ ಎಷ್ಟು ಬಗೆ?

ಮೂರು. ಮೊದಲನೆಯದು ಚೌಕ: ಎರಡೂ ಕಡೆ ಚೂಪು ಮೂಲೆ. ಎರಡನೆಯದು ಮೂಲೆ ಮುರಿದದ್ದು: ಪ್ರತಿ ಅಂಚನ್ನೂ ಸುಮಾರು 45 ಡಿಗ್ರಿಯಲ್ಲಿ ಸ್ವಲ್ಪ ಕೆತ್ತಿರುತ್ತಾರೆ, 90 ಡಿಗ್ರಿಯ ಒಂದು ಮೂಲೆಯ ಜಾಗದಲ್ಲಿ 135 ಡಿಗ್ರಿಯ ಎರಡು ಮೂಲೆ ಉಳಿಯುತ್ತವೆ. ಮೂರನೆಯದು ದುಂಡು. ಇದರಲ್ಲೂ ಎರಡು ತರ: ಅಂಚುಗಳನ್ನಷ್ಟೇ ದುಂಡಗೆ ಮಾಡಿ ನಡುವೆ ಚಪ್ಪಟೆ ಪಟ್ಟಿ ಉಳಿಸುವುದು, ಅಥವಾ ಬೆನ್ನು ಪೂರ್ತಿ ಅರ್ಧವೃತ್ತ ಮಾಡುವುದು.

ಪೂರ್ತಿ ಅರ್ಧವೃತ್ತವೇ ಅತ್ಯುತ್ತಮ ಎಂಬ ನಂಬಿಕೆ ಇದೆ. ನಾವು ಒಪ್ಪುವುದಿಲ್ಲ. ಹಿಡಿಯ ಬಳಿ 3.5 ಮಿ.ಮೀ.ಗಿಂತ ದಪ್ಪ ಇರುವ ಬೆನ್ನಿಗೆ ಅದು ಚೆನ್ನ. 2 ಮಿ.ಮೀ. ಬೆನ್ನನ್ನು ಪೂರ್ತಿ ದುಂಡಗೆ ಮಾಡಿದರೆ ಕೈಗೆ ಸಿಗುವುದು ತಂತಿಯಂಥ ಸಣ್ಣ ದುಂಡು. ಒತ್ತಡ ಅದರ ನಡುಗೆರೆಯ ಮೇಲೇ ಬಂದು ನಿಲ್ಲುತ್ತದೆ. ತೆಳು ಬೆನ್ನಿನಲ್ಲಿ ಪ್ರತಿ ಅಂಚಿಗೆ 0.3ರಿಂದ 0.5 ಮಿ.ಮೀ. ದುಂಡು ಸಾಕು, ನಡುವಿನ ಚಪ್ಪಟೆ ಇರಲಿ. ಬೆರಳಿಗೆ ಆಸರೆ ಕೊಡುವುದು ಆ ಚಪ್ಪಟೆ ಭಾಗವೇ.

ದಪ್ಪ ಬೆನ್ನು ಒಳ್ಳೆಯದೋ, ತೆಳು ಬೆನ್ನೋ?

ಒಂದೇ ಜಾಗದ ದಪ್ಪ ಹೇಳಿದರೆ ಪ್ರಯೋಜನವಿಲ್ಲ. ಹಿಡಿಯಿಂದ ಮೊನೆಯವರೆಗೆ ದಪ್ಪ ಹೇಗೆ ಇಳಿಯುತ್ತದೆ ಎಂದು ನೋಡಬೇಕು. 210 ಮಿ.ಮೀ. ಗ್ಯೂಟೊದಲ್ಲಿ ವರ್ನಿಯರ್ ಇಟ್ಟು ಮೂರು ಕಡೆ ಅಳೆಯಿರಿ: ಹಿಮ್ಮಡಿಯ ನೇರಕ್ಕೆ, ಅಲಗಿನ ನಡುವೆ, ಮೊನೆಯಿಂದ 10 ಮಿ.ಮೀ. ಹಿಂದೆ. ಕೆಲಸಕ್ಕೆ ಹದವಾದ ಒಂದು ಚಾಕುವಿನಲ್ಲಿ 3, 2 ಮತ್ತು 0.8 ಮಿ.ಮೀ. ಆಸುಪಾಸು ಸಿಗಬಹುದು. ತೀರಾ ತೆಳು ಚಾಕುಗಳಲ್ಲಿ ಹಿಮ್ಮಡಿಯಲ್ಲೇ 2 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ನೀಗಾಟಾ ಪ್ರಾಂತ್ಯದ ಸಂಜೋ ಕಡೆಯ ಕೆಲವು ಕೈಬಡಿತದ ಚಾಕುಗಳಲ್ಲಿ ಹಿಡಿಯ ಬಳಿ 4 ಮಿ.ಮೀ. ದಾಟುವ ದಪ್ಪ ಇದ್ದು, ಮೊನೆ ತಲುಪುವಷ್ಟರಲ್ಲಿ ತೀರಾ ತೆಳುವಾಗಿರುತ್ತದೆ.

ಹೀಗೆ ಇಳಿಯುವ ದಪ್ಪದಿಂದ ಎರಡು ಲಾಭ. ಕೈಯಿಡುವ ಜಾಗದಲ್ಲಿ ಅಗಲವಾದ ಆಸರೆ ಸಿಗುತ್ತದೆ. ಮುಂದೆ ತೆಳುವಾದ ಮೊನೆ ಈರುಳ್ಳಿಯೊಳಗೆ ಅಡ್ಡಡ್ಡ ಹೋಗುವಾಗ ಪದರಗಳನ್ನು ಸೀಳಿ ಅಗಲಿಸುವುದಿಲ್ಲ. ತಗಡನ್ನು ಒತ್ತಿ ಕತ್ತರಿಸಿ ಮಾಡಿದ ಅಗ್ಗದ ಚಾಕುಗಳಲ್ಲಿ ಬೆನ್ನಿನ ದಪ್ಪ ಬಹುದೂರ ಒಂದೇ ಸಮ ಇರುತ್ತದೆ. ಅವು ಮೊನೆಯ ಕೆಲಸದಲ್ಲಿ ಮೊಂಡು ಅನ್ನಿಸುತ್ತವೆ, ಎಷ್ಟು ಹರಿತ ಮಾಡಿದರೂ ಅಷ್ಟೇ. ಅಂಚು ದುಂಡಗೆ ಮಾಡುವುದರಿಂದ ಇದು ಸರಿಹೋಗದು, ಅಲಗನ್ನೇ ತೆಳು ಮಾಡಿಸಬೇಕು.

ಅಂಚು ತೆಗೆದರೆ ತೂಕ, ಸಮತೋಲ ಕೆಡುವುದಿಲ್ಲವೇ?

ಲೆಕ್ಕ ಹಾಕಿ ನೋಡಿ. 210 ಮಿ.ಮೀ. ಉದ್ದ, ಸರಾಸರಿ 2 ಮಿ.ಮೀ. ದಪ್ಪದ ಬೆನ್ನನ್ನು ತುದಿಯಿಂದ ತುದಿಗೆ ಪೂರ್ತಿ ಅರ್ಧವೃತ್ತ ಮಾಡಿದರೂ ಹೋಗುವ ಉಕ್ಕು ಸುಮಾರು 90 ಘನ ಮಿಲಿಮೀಟರ್, ಅಂದರೆ 0.7 ಗ್ರಾಂ. ಬೆರಳು ತಾಗುವ 50 ಮಿ.ಮೀ. ಮಾತ್ರ ಅರ್ಧ ಮಿಲಿಮೀಟರ್ ದುಂಡಗೆ ಮಾಡಿದರೆ 0.04 ಗ್ರಾಂ. 150 ಗ್ರಾಂ ಆಸುಪಾಸಿನ ಚಾಕುವಿನಲ್ಲಿ ಇದು ಲೆಕ್ಕಕ್ಕಿಲ್ಲ. ದುಂಡಗೆ ಮಾಡಿದ ಮೇಲೆ ಚಾಕು ಹಗುರವಾಯಿತು ಅನ್ನಿಸುವುದು ನಿಜ, ಆದರೆ ತೂಕ ಇಳಿದು ಹಾಗಾಗಿದ್ದಲ್ಲ. ಒತ್ತಿ ಹಿಡಿಯಬೇಕಾದ ಅಗತ್ಯ ಕಡಿಮೆಯಾಗಿದೆ.

ಪಕ್ಕದಿಂದ ನೋಡಿದಾಗ ಕಾಣುವ ಬೆನ್ನಿನ ಗೆರೆಯೂ ಹತೋಟಿಗೆ ಸಂಬಂಧಿಸಿದ್ದೇ?

ಹೌದು. ಗ್ಯೂಟೊದಲ್ಲಿ ಬೆನ್ನು ಹಿಡಿಯಿಂದ ಮೊನೆಯ ಕಡೆಗೆ ನಿಧಾನ ಇಳಿಯುತ್ತದೆ. ಮೊನೆ ತಗ್ಗಿದಷ್ಟೂ ಬೆಳ್ಳುಳ್ಳಿಯಂಥ ಸಣ್ಣ ಕೆಲಸಕ್ಕೆ ಮಣಿಕಟ್ಟು ಎತ್ತಬೇಕಾಗಿಲ್ಲ. ಸಾಂಟೋಕುವಿನಲ್ಲಿ ಬೆನ್ನು ಕೊನೆಯಲ್ಲಿ ದುಂಡಗೆ ಬಾಗಿ ಇಳಿಯುತ್ತದೆ. ನಾಕಿರಿಯಲ್ಲಿ ಬೆನ್ನು ಬಾಯಿ ಎರಡೂ ಹೆಚ್ಚುಕಡಿಮೆ ನೇರ, ಮೇಲಿಂದ ಕೆಳಗೆ ಒತ್ತುವ ಕೆಲಸಕ್ಕೆ. ಬುಂಕಾದಂಥ ಚಾಕುಗಳಲ್ಲಿ ಮೊನೆಯ ಬಳಿ ಬೆನ್ನನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಮೊನೆ ಚುರುಕಾಗುತ್ತದೆ, ಬೇಗ ಮುರಿಯುತ್ತದೆ ಕೂಡ. ಆ ಓರೆ ಶುರುವಾಗುವ ಮೂಲೆ ಎಡಗೈ ಬೆರಳಿಗೆ ಚುಚ್ಚುತ್ತಿದ್ದರೆ 600ರ ಮರಳು ಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ನಾಲ್ಕು ಸಲ ಉಜ್ಜಿದರೆ ಸಾಕು, ಗೆರೆ ಬದಲಾಯಿಸಬೇಡಿ.

ತರಕಾರಿಯ ಉಸುಬಾದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಟೋಕಿಯೋ ಕಡೆಯ ಉಸುಬಾ ಮುಂತುದಿಯಲ್ಲಿ ಚೌಕ. ಒಸಾಕಾ, ಕ್ಯೋಟೋ ಕಡೆಯ ಕಾಮಗಾಟಾ ಉಸುಬಾದಲ್ಲಿ ಬೆನ್ನು ಬಾಗಿ ಇಳಿದು ಮೊನೆಯಾಗುತ್ತದೆ, ತರಕಾರಿ ಕೆತ್ತನೆಗೆ ಆ ಮೊನೆ ಬೇಕು.

ಬೆನ್ನನ್ನು ಪೂರ್ತಿ ಉದ್ದಕ್ಕೂ ದುಂಡಗೆ ಮಾಡಬೇಕೇ?

ಬೇಡ. ಕೈ ತಾಗುವಲ್ಲಿ ಮಾತ್ರ: ಹಿಡಿಯ ಕಡೆಯಿಂದ ಮುಂದಕ್ಕೆ 50ರಿಂದ 60 ಮಿ.ಮೀ., ಆಮೇಲೆ 15–20 ಮಿ.ಮೀ. ಉದ್ದದಲ್ಲಿ ನಿಧಾನ ಚೌಕಕ್ಕೆ ಬೆರೆಯಲಿ. ಮುಂದಿನ ಅರ್ಧ ಚೌಕವಾಗಿಯೇ ಇದ್ದರೆ ಒಂದು ಉಪಯೋಗವಿದೆ. ಹೆಚ್ಚಿದ್ದನ್ನು ಮಣೆಯಿಂದ ಬಾಣಲೆಗೆ ತಳ್ಳುವಾಗ ಬಾಯಿಯಿಂದ ಕೆರೆಯಬಾರದು, ಚಾಕು ತಿರುಗಿಸಿ ಬೆನ್ನಿನಿಂದ ತಳ್ಳಬೇಕು. ಚೌಕ ಅಂಚು ಕೊತ್ತಂಬರಿ ಚೂರನ್ನೂ ಬಿಡದೆ ಬಾಚುತ್ತದೆ, ದುಂಡು ಅಂಚು ಅದರ ಮೇಲೆ ಹತ್ತಿ ಜಾರುತ್ತದೆ.

ಒಂದು ಅಪವಾದ. ಮೊನೆಯ ಬಳಿ ಎಡಗೈ ಇಟ್ಟು ಅಲಗನ್ನು ತೂಗುತ್ತಾ ಸೊಪ್ಪು, ಶುಂಠಿ ಸಣ್ಣಗೆ ಹೆಚ್ಚುವ ಅಭ್ಯಾಸ ನಿಮಗಿದ್ದರೆ ಮುಂಭಾಗದ ಅಂಚನ್ನೂ ಮುರಿಯಿರಿ, ಆದರೆ 0.2–0.3 ಮಿ.ಮೀ. ಸಾಕು.

ಮನೆಯಲ್ಲೇ ಮಾಡಬಹುದೇ? ಎಲ್ಲ ಚಾಕುವಿಗೂ ಒಂದೇ ವಿಧಾನವೇ?

ಮಾಡಬಹುದು. ಮೊದಲು ಬೆನ್ನಿನಲ್ಲಿರುವುದು ಯಾವ ಲೋಹ ಎಂದು ತಿಳಿಯಿರಿ, ಉಪಕರಣ ಅದರ ಮೇಲೆ ನಿಂತಿದೆ.

ಮೂರು ಪದರದ ಚಾಕುವಿನಲ್ಲಿ ನಡುವೆ ಗಟ್ಟಿ ಉಕ್ಕು, ಎರಡು ಪಕ್ಕ ಮೆದು ಕಬ್ಬಿಣ ಅಥವಾ ಮೆದು ಸ್ಟೇನ್‌ಲೆಸ್. ನೀವು ತೆಗೆಯುವ ಅಂಚುಗಳು ಮೆದು ಪದರದಲ್ಲೇ ಇರುತ್ತವೆ, ಅರ ಸಲೀಸಾಗಿ ಕಚ್ಚುತ್ತದೆ. ಮೆದು ಕಬ್ಬಿಣವನ್ನು ಸೀಳಿ ಬಾಯಿಯ ಕಡೆಗೆ ಮಾತ್ರ ಗಟ್ಟಿ ಉಕ್ಕು ಸೇರಿಸುವ ವಾರಿಕೋಮಿ ವಿಧಾನದಲ್ಲಿ ಬೆನ್ನು ಪೂರ್ತಿ ಮೆದು, ಇನ್ನೂ ಸುಲಭ. ಇಡೀ ಅಲಗು ಒಂದೇ ಗಟ್ಟಿ ಉಕ್ಕಿನದಾಗಿದ್ದರೆ ಮಾಮೂಲಿ ಅರ ಮೇಲೆ ಜಾರುತ್ತದೆ. ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 60 ದಾಟಿದ ಉಕ್ಕು ಅರದ ಹಲ್ಲುಗಳನ್ನೇ ಸವೆಸುತ್ತದೆ. ಅಲ್ಲಿ ವಜ್ರದ ಪುಡಿಯ ಅರ ಅಥವಾ ಬರೀ ಕಾಗದ. ಒಂದೇ ಉಕ್ಕಿನಿಂದ ಮಾಡುವ ದುಬಾರಿ ಹೊನ್‌ಯಾಕಿ ಚಾಕುಗಳಲ್ಲಿ ಬೆನ್ನಿಗೆ ಮಣ್ಣು ಮೆತ್ತಿ ಗಟ್ಟಿ ಮಾಡುವುದರಿಂದ ಬೆನ್ನು ಬಾಯಿಗಿಂತ ಮೆದುವಾಗಿರುತ್ತದೆ. ಆದರೂ ಅವುಗಳ ಬೆಲೆ ಮತ್ತು ಹೊಳಪು ನೋಡಿ, ಕೈ ಪಳಗಿಲ್ಲದಿದ್ದರೆ ಮುಟ್ಟದಿರುವುದೇ ಮೇಲು.

ಒಂದು ಮಾತು: ಹಲವು ಮಾರಾಟಗಾರರು ಮಾರ್ಪಾಡು ಮಾಡಿದ ಚಾಕುವನ್ನು ಹಿಂದಕ್ಕೆ ಪಡೆಯುವುದಿಲ್ಲ. ಹಿಂದಿರುಗಿಸುವ ಗಡುವು ಮುಗಿಯುವವರೆಗೆ ಬಳಸಿ ನೋಡಿ, ಆಮೇಲೆ ಅರ ಹಿಡಿಯಿರಿ.

ಏನೇನು ಸಾಮಾನು ಬೇಕು?

- ವಾಟರ್ ಪೇಪರ್ (ನೀರು ಹಚ್ಚಿ ಉಜ್ಜಬಹುದಾದ ಮರಳು ಕಾಗದ): 240, 400, 600, 1000. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಪ್ರತಿಯೊಂದರಲ್ಲಿ ಒಂದೊಂದು ಹಾಳೆ ಸಾಕು. 240ನ್ನು ಬಟ್ಟೆಗೆ ಅಂಟಿಸಿದ ಎಮರಿ ಪಟ್ಟಿಯಾಗಿ ಕೊಂಡರೆ ಎಳೆಯುವಾಗ ಹರಿಯುವುದಿಲ್ಲ.
- ಸಣ್ಣ ಹಲ್ಲಿನ ಚಪ್ಪಟೆ ಅರ (ಮೆದು ಬೆನ್ನಿಗೆ ಮಾತ್ರ).
- ಮಾಸ್ಕಿಂಗ್ ಟೇಪ್, ದಪ್ಪ ರಟ್ಟು, ಮಾರ್ಕರ್ ಪೆನ್ನು.
- ಪೆನ್ಸಿಲ್ ಅಥವಾ 8 ಮಿ.ಮೀ. ದಪ್ಪದ ಮರದ ಕಡ್ಡಿ.
- ವೈಸ್ (ಮೇಜಿಗೆ ಕೂರಿಸಿದ, ವಸ್ತುವನ್ನು ಕಚ್ಚಿ ಹಿಡಿಯುವ ಇಕ್ಕಳ) ಇದ್ದರೆ ಒಳ್ಳೆಯದು, ಅದರ ಬಾಯಿಗೆ ಎರಡು ಮರದ ತುಂಡು ಅಥವಾ ಚರ್ಮ.

ಕೆಲಸದ ಕ್ರಮ ಹೇಳಿ.

ಮೊದಲ ಕೆಲಸ ಬಾಯಿ ಮುಚ್ಚುವುದು. ಬರೀ ಟೇಪ್ ಸುತ್ತಿದರೆ ಅಲಗು ಅದನ್ನು ಕತ್ತರಿಸಿ ಹೊರಬರುತ್ತದೆ. ರಟ್ಟನ್ನು ಮಡಿಸಿ ಬಾಯಿಗೆ ತೊಡಿಸಿ, ಅದರ ಮೇಲೆ ಟೇಪ್ ಸುತ್ತಿ. ಹಿಮ್ಮಡಿಯ ಮೂಲೆಯನ್ನು ಇನ್ನೊಂದು ಪದರದಿಂದ ಬೇರೆಯಾಗಿ ಮುಚ್ಚಿ. ಈ ಕೆಲಸದಲ್ಲಿ ರಕ್ತ ಬರುವುದು ಬಹುತೇಕ ಆ ಮೂಲೆಯಿಂದಲೇ.

ಅಲಗಿನ ಎರಡೂ ಮುಖಕ್ಕೆ, ಬೆನ್ನಿನಿಂದ 1 ಮಿ.ಮೀ. ಕೆಳಗೆ, ಟೇಪ್ ಅಂಟಿಸಿ. ಕಪ್ಪು ಮೇಲ್ಮೈ, ದಮಸ್ಕ ಗೆರೆ, ಹೊಳಪು ಯಾವುದೇ ಇರಲಿ, ಕಾಗದದ ಗೀರು ಬೀಳದಂತೆ ಕಾಯುವುದು ಇದೇ. ಹಿಡಿಯ ಮುಂಭಾಗಕ್ಕೂ ಟೇಪ್ ಸುತ್ತಲೇಬೇಕು. ಜಪಾನಿ ಹಿಡಿಗಳಲ್ಲಿ ಹೆಚ್ಚಾಗಿ ಬಳಸುವ ಹೋ ಮರ ಬಿಳಿಚು, ಮೆದು. ಒದ್ದೆಯಾದ ಕಬ್ಬಿಣದ ಪುಡಿ ಅದರ ರಂಧ್ರಕ್ಕೆ ಇಳಿದರೆ ಕಪ್ಪು ಕಲೆ ಹೋಗುವುದಿಲ್ಲ.

ಚಾಕುವನ್ನು ಬೆನ್ನು ಮೇಲಾಗಿ ವೈಸಿನಲ್ಲಿ ಕೂರಿಸಿ. ಅಲಗಿನ ಮುಖಗಳನ್ನು ಮರದ ನಡುವೆ ಹಿಡಿಸಿ, ಅಲ್ಲಾಡದಷ್ಟು ಬಿಗಿ ಸಾಕು. ಹಿಡಿಯನ್ನು ವೈಸಿಗೆ ಕೊಡಬೇಡಿ. ವೈಸ್ ಇಲ್ಲದಿದ್ದರೆ ಮೇಜಿನ ಅಂಚಿನಲ್ಲಿ ಒದ್ದೆ ಬಟ್ಟೆ ಹಾಸಿ, ಅಲಗನ್ನು ಚಪ್ಪಟೆ ಮಲಗಿಸಿ, ಬೆನ್ನು ಮೇಜಿನಿಂದ 5 ಮಿ.ಮೀ. ಹೊರಗೆ ಚಾಚುವಂತೆ ಇಟ್ಟು ಒಂದೊಂದೇ ಅಂಚು ಮಾಡಬಹುದು. ನಿಧಾನ, ಆದರೆ ಆಗುತ್ತದೆ.

ಚಾಕುವನ್ನು ಚಿವುಟಿ ಹಿಡಿದು ಬೆರಳು ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲೇ ಮಾರ್ಕರ್‌ನಿಂದ ಗುರುತು ಮಾಡಿಕೊಂಡಿರಿ. ಬೆನ್ನಿಗೆ ಪೂರ್ತಿ ಮಾರ್ಕರ್ ಬಳಿದರೆ ಎಲ್ಲಿ ಉಕ್ಕು ಹೋಗಿದೆ ಎಂಬುದೂ ಕಾಣುತ್ತದೆ.

ಮೆದು ಬೆನ್ನಾದರೆ ಅರವನ್ನು 45 ಡಿಗ್ರಿ ಓರೆ ಹಿಡಿದು, ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ ನಾಲ್ಕೈದು ಎಳೆತ. ಎರಡೂ ಕಡೆ ಸಮ ಸಂಖ್ಯೆ. ಆಮೇಲೆ ಆ ಹೊಸ ಓರೆಯ ಮೇಲಿನ ಮತ್ತು ಕೆಳಗಿನ ಮೂಲೆಗೆ ಎರಡೆರಡು ಎಳೆತ. ಗಟ್ಟಿ ಬೆನ್ನಾದರೆ ಅರ ಬಿಟ್ಟು 240ರಿಂದಲೇ ಶುರು.

ಕಾಗದವನ್ನು 15–20 ಮಿ.ಮೀ. ಅಗಲ, ಒಂದು ಗೇಣು ಉದ್ದದ ಪಟ್ಟಿಗಳಾಗಿ ಹರಿಯಿರಿ. ಪಟ್ಟಿಯನ್ನು ಬೆನ್ನಿನ ಮೇಲೆ ಅಡ್ಡ ಹಾಕಿ, ಎರಡೂ ತುದಿ ಹಿಡಿದು, ಬೂಟಿಗೆ ಬ್ರಷ್ ಹಾಕಿದ ಮೇಲೆ ಬಟ್ಟೆ ಎಳೆದು ಹೊಳಪು ತರುತ್ತಾರಲ್ಲ, ಹಾಗೆ ಎಳೆಯಿರಿ. ಕೈಗಳನ್ನು ತುಂಬ ಕೆಳಗೆ ಇಳಿಸಬೇಡಿ. ಇಳಿಸಿದರೆ ಕಾಗದ ಬೆನ್ನು ದಾಟಿ ಅಲಗಿನ ಮುಖವನ್ನು ಸುತ್ತಿಕೊಳ್ಳುತ್ತದೆ, ಟೇಪ್ ಹರಿದು ಗೀರು ಬೀಳುತ್ತದೆ. ಒಂದೇ ಜಾಗದಲ್ಲಿ ನಿಲ್ಲದೆ ಹಿಂದೆ ಮುಂದೆ ಸರಿಯುತ್ತಾ ಇರಿ, ನಿಂತಲ್ಲಿ ಹಳ್ಳ ಬೀಳುತ್ತದೆ.

ಪ್ರತಿ ಕಾಗದದ ಕೊನೆಗೆ, ಅದೇ ಕಾಗದವನ್ನು ಪೆನ್ಸಿಲ್ ಅಳಿಸುವ ರಬ್ಬರಿಗೆ ಸುತ್ತಿ ಉದ್ದಕ್ಕೆ ಕೆಲವು ಎಳೆತ ಕೊಡಿ. ಅಡ್ಡ ಗೀರುಗಳು ಉದ್ದ ಗೀರುಗಳಾಗುತ್ತವೆ. ಮುಂದಿನ ಕಾಗದದಲ್ಲಿ ಅಡ್ಡ ಎಳೆದಾಗ ಹಿಂದಿನ ಉದ್ದ ಗೀರು ಪೂರ್ತಿ ಮಾಯವಾಯಿತೇ ಎಂದು ಸುಲಭವಾಗಿ ಗೊತ್ತಾಗುತ್ತದೆ. 240ರ ಗೀರು ಉಳಿದಿರುವಾಗ 600ಕ್ಕೆ ಹಾರಿದರೆ ಎಷ್ಟು ಉಜ್ಜಿದರೂ ಅದು ಹೋಗದು. 400ರಿಂದ ಮುಂದೆ ನೀರು ಹಚ್ಚಿಕೊಂಡು ಉಜ್ಜಿ, ಪುಡಿ ಕಾಗದಕ್ಕೆ ಕಟ್ಟಿಕೊಳ್ಳುವುದಿಲ್ಲ.

ಬೆರಳಿಟ್ಟು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಟಿಶ್ಯೂ ಕಾಗದ. ಅಂಚಿನ ಮೇಲೆ ಎಳೆಯಿರಿ. ಎಲ್ಲಾದರೂ ನಾರು ಸಿಕ್ಕಿಕೊಂಡರೆ ಅಲ್ಲಿ ಮೂಲೆ ಉಳಿದಿದೆ. ಇಡೀ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿ.

ಹಿಮ್ಮಡಿಯ ಹಿಂಭಾಗಕ್ಕೆ ಏನು ಮಾಡಬೇಕು?

ಒಂದೇ ಕಡೆ ಕೆಲಸ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಬೆನ್ನಿಗಿಂತ ಇದು ಹೆಚ್ಚು ಕಿರಿದು, ಬಾಯಿಯ ಕಡೆ ಇಳಿದಂತೆ ಇನ್ನೂ ತೆಳು. ಆದ್ದರಿಂದ ನಡುಬೆರಳಿಗೆ ಹೆಚ್ಚು ನೋವು ಇಲ್ಲಿಂದಲೇ. 400ರ ಕಾಗದವನ್ನು ಪೆನ್ಸಿಲಿಗೆ ಸುತ್ತಿ, ಹಿಡಿಯ ಕಡೆಯಿಂದ ಕೆಳಗೆ, ಒಂದೊಂದು ಅಂಚನ್ನೂ ಓರೆಯಾಗಿ ಉಜ್ಜಿ. ನಂತರ 600, 1000. ಬಾಯಿಯ ಹಿಮ್ಮಡಿ ಮೂಲೆಗೆ 4–5 ಮಿ.ಮೀ. ಇರುವಾಗಲೇ ನಿಲ್ಲಿಸಿ. ಅಲ್ಲಿಯವರೆಗೂ ದುಂಡಗೆ ಮಾಡಿದರೆ ಹಿಮ್ಮಡಿಯ ಹರಿತ ಹೋಗುತ್ತದೆ, ಆಲೂಗಡ್ಡೆಯ ಕಣ್ಣು ತೆಗೆಯುವಂಥ ಕೆಲಸಕ್ಕೆ ಆ ಮೂಲೆ ಬೇಕು. ಮಾಚಿ ಇರುವ ಚಾಕುವಾದರೆ ಭುಜದ ಮೂಲೆಗಳನ್ನೂ ಇದೇ ಕಾಗದದಿಂದ ಮುರಿಯಿರಿ.

ಗ್ರೈಂಡರ್ ಅಥವಾ ಡ್ರೆಮೆಲ್‌ನಂಥ ಸಣ್ಣ ಕೈಯಂತ್ರ ಬಳಸಿದರೆ ಬೇಗ ಆಗುವುದಿಲ್ಲವೇ?

ಬೇಗ ಆಗುತ್ತದೆ, ಬೇಗ ಕೆಡುತ್ತದೆ. ಜಪಾನಿನ ಬಿಳಿ ಕಾಗದ, ನೀಲಿ ಕಾಗದ ಎಂಬ ಹೆಸರಿನ ಇಂಗಾಲದ ಉಕ್ಕುಗಳನ್ನು ಗಟ್ಟಿ ಮಾಡಿದ ಮೇಲೆ 200 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ಹದ ಮಾಡಿರುತ್ತಾರೆ. ಅದನ್ನು ಮೀರಿ ಬಿಸಿಯಾದರೆ ಉಕ್ಕು ಮೆದುವಾಗುತ್ತದೆ, ಮತ್ತೆ ಹಳೆಯ ಹದಕ್ಕೆ ಬರುವುದಿಲ್ಲ. ಬೆನ್ನಿನಿಂದ ಬಾಯಿ ದೂರವಿದೆ, ಅಲ್ಲಿ ಅಪಾಯ ಕಡಿಮೆ. ಹಿಮ್ಮಡಿಯಲ್ಲಿ ಬಾಯಿ ಕೆಲವೇ ಮಿಲಿಮೀಟರ್ ಆಚೆ ಇದೆ. ತಿಳಿಹಳದಿ ಬಣ್ಣ ಕಂಡಿತೆಂದರೆ ಮಿತಿ ಮೀರಿದೆ ಎಂದೇ ಅರ್ಥ. ಹಿಡಿಯ ಎಮ್ಮೆ ಕೊಂಬಿನ ಬಳೆಯೂ ಬಿಸಿಗೆ ಬಿರುಕು ಬಿಡುತ್ತದೆ. ತೆಗೆಯಬೇಕಾದ ಉಕ್ಕು ಅರ್ಧ ಗ್ರಾಮೂ ಇಲ್ಲ. ಅದಕ್ಕೆ ಯಂತ್ರ ಬೇಡ.

ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಬೇಕೇ?

ನೋಡಲು ಚೆಂದ. ಕೆಲಸಕ್ಕೆ 600ರಿಂದ 1000ದಲ್ಲಿ ನಿಲ್ಲಿಸುವುದು ಮೇಲು. ಮೀನು, ಕೋಳಿ, ಟೊಮ್ಯಾಟೊ ರಸ ಕೈಗೆ ಹತ್ತಿದಾಗ ಕನ್ನಡಿ ಹೊಳಪಿನ ಬೆನ್ನು ಬೆರಳಡಿ ಜಾರುತ್ತದೆ. ಮಬ್ಬು ಹೊಳಪಿನಲ್ಲಿ ಉದ್ದಕ್ಕೆ ಉಳಿದ ಸಣ್ಣ ಗೀರುಗಳು ಬೆರಳು ಅಡ್ಡಕ್ಕೆ ಜಾರದಂತೆ ಹಿಡಿಯುತ್ತವೆ.

ಯಾನಗಿಬಾ, ಡೆಬಾ, ಉಸುಬಾಗಳಿಗೂ ಇದೇ ವಿಧಾನವೇ?

ಇವು ಒಂದೇ ಕಡೆ ಓರೆಯಿರುವ ಚಾಕುಗಳು, ಹಿಡಿಯುವ ರೀತಿಯೂ ಬೇರೆ.

ಹಸಿ ಮೀನನ್ನು ಉದ್ದಕ್ಕೆ ಎಳೆದು ಕೊಯ್ಯುವ ಯಾನಗಿಬಾದಲ್ಲಿ ತೋರುಬೆರಳನ್ನು ಚಾಚಿ ಬೆನ್ನಿನ ಮೇಲೆಯೇ ಇಡುತ್ತಾರೆ. ಹಾಗಾಗಿ ದುಂಡು ಹಿಡಿಯಿಂದ 80 ಮಿ.ಮೀ.ವರೆಗೆ ಬರಬೇಕು. ಇಲ್ಲಿ ಒಂದು ಎಚ್ಚರ ಬಹಳ ಮುಖ್ಯ. ಇದರ ಹಿಂಮುಖ (ಓರೆ ಇಲ್ಲದ ಮುಖ) ನಡುವೆ ತಗ್ಗಾಗಿದ್ದು, ಸುತ್ತ ಕಿರಿದಾದ ಚಪ್ಪಟೆ ಅಂಚು ಇರುತ್ತದೆ. ಕಲ್ಲಿನ ಮೇಲೆ ಹಿಂಮುಖ ಉಜ್ಜುವಾಗ ಚಾಕು ನಿಲ್ಲುವುದು ಬಾಯಿಯ ಕಡೆಯ ಅಂಚು ಮತ್ತು ಬೆನ್ನಿನ ಕಡೆಯ ಅಂಚಿನ ಮೇಲೆ. ಬೆನ್ನನ್ನು ದುಂಡಗೆ ಮಾಡುವ ಉತ್ಸಾಹದಲ್ಲಿ ಆ ಅಂಚನ್ನು ತಿಂದರೆ ಚಾಕು ಕಲ್ಲಿನ ಮೇಲೆ ಒಂದು ಕಡೆ ವಾಲುತ್ತದೆ, ಹರಿತ ಕೆಡುತ್ತದೆ. ಹಿಂಮುಖದ ಅಂಚಿಗೆ 0.2 ಮಿ.ಮೀ. ಮಾತ್ರ, ಮುಂಮುಖದ ಅಂಚಿಗೆ 0.5ರವರೆಗೆ ಹೋಗಬಹುದು.

ಮೀನಿನ ತಲೆ ತೆಗೆಯುವ ಡೆಬಾದ ಬೆನ್ನು 5 ಮಿ.ಮೀ. ಮೀರಿದ ದಪ್ಪ. ಮೂಳೆ ಕತ್ತರಿಸುವಾಗ ಎಡ ಅಂಗೈಯನ್ನು ಬೆನ್ನಿನ ಮೇಲಿಟ್ಟು ಒತ್ತುತ್ತಾರೆ. ಮುಂಮುಖದ ಅಂಚಿಗೆ 1 ಮಿ.ಮೀ. ದುಂಡು ಕೊಟ್ಟರೂ ಚಪ್ಪಟೆ ಸಾಕಷ್ಟು ಉಳಿಯುತ್ತದೆ. ಮೂಲಂಗಿಯನ್ನು ಹಾಳೆಯಂತೆ ಸುತ್ತ ಸುಲಿಯುವ ಉಸುಬಾದಲ್ಲಿ ಕೈ ಹಿಮ್ಮಡಿಯ ಹತ್ತಿರ ಬಹಳ ಹೊತ್ತು ನಿಲ್ಲುತ್ತದೆ. ಅಲ್ಲಿ ಬೆನ್ನಿಗಿಂತ ಹಿಮ್ಮಡಿ, ಮಾಚಿಗಳ ಕೆಲಸ ಮೊದಲು.

ದುಂಡಗೆ ಮಾಡಿದ ಮೇಲೆ ಬೆನ್ನು ತುಕ್ಕು ಹಿಡಿಯುತ್ತಿದೆ, ಏಕೆ?

ಕಪ್ಪು ಮೇಲ್ಮೈ ಅಥವಾ ಹಳೆಯ ನೀಲಿಗಪ್ಪು ಪದರ ಹೋಗಿ ಹೊಸ ಕಬ್ಬಿಣ ತೆರೆದುಕೊಂಡಿದೆ. ಮೆದು ಕಬ್ಬಿಣದ ಪದರವಂತೂ ನಿಮಿಷಗಳಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲ ಕೆಲವು ವಾರ, ಕೆಲಸದ ನಡುವೆಯೂ ಬೆನ್ನನ್ನು ಒರೆಸುತ್ತಿರಿ, ಬೂದು ಪದರ ತಾನಾಗಿ ಕೂರುತ್ತದೆ. ಜಪಾನಿನಲ್ಲಿ ತ್ಸುಬಾಕಿ (ಕ್ಯಾಮೆಲಿಯಾ) ಬೀಜದ ಎಣ್ಣೆ ಸವರುತ್ತಾರೆ. ಇಲ್ಲಿ ಆಹಾರ ದರ್ಜೆಯ ಮಿನರಲ್ ಆಯಿಲ್ ಎರಡು ಹನಿ ಸಾಕು. ಸೂರ್ಯಕಾಂತಿ ಎಣ್ಣೆ ಬೇಡ, ಒಣಗಿ ಅಂಟಾಗುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಮಳೆಗಾಲದಲ್ಲಿ ಚಾಕುವನ್ನು ಚರ್ಮದ ಒರೆಯಲ್ಲಿ ಇಡಬೇಡಿ, ತೇವ ಅಲ್ಲೇ ನಿಲ್ಲುತ್ತದೆ.

ಬೆನ್ನಿನಿಂದ ಬೆಳ್ಳುಳ್ಳಿ ಜಜ್ಜಬಹುದೇ? ತೆಂಗಿನಕಾಯಿ?

ಬೆಳ್ಳುಳ್ಳಿಯನ್ನು ಅಲಗಿನ ಚಪ್ಪಟೆ ಮುಖದಿಂದ ಹಿಮ್ಮಡಿಯ ಬಳಿ ಮೆಲ್ಲಗೆ ಒತ್ತಿ. ತೆಂಗಿನಕಾಯಿ ಖಂಡಿತ ಬೇಡ. ನಮ್ಮ ಕತ್ತಿಯ ಬೆನ್ನಿನಿಂದ ಕಾಯಿ ಒಡೆಯುತ್ತೇವೆ, ಅದರ ಉಕ್ಕು ಮೆದು, ಮೈ ದಪ್ಪ, ಪೆಟ್ಟು ತಾಳುತ್ತದೆ. ಜಪಾನಿ ಚಾಕುವಿನ ಬಾಯಿ ತೆಳು, ಗಟ್ಟಿ, ಪೆಡಸು. ಬೆನ್ನಿಗೆ ಬಿದ್ದ ಪೆಟ್ಟಿನ ಕಂಪನ ಬಾಯಿಗೆ ಹೋಗಿ ಚಕ್ಕೆ ಹಾರಬಹುದು, ತೆಳು ಅಲಗು ಡೊಂಕಾಗಬಹುದು. ಪೆಟ್ಟಿನ ಜಾಗದಲ್ಲಿ ಮೆದು ಬೆನ್ನು ಜಜ್ಜಿ ಮುಳ್ಳು ಏಳುತ್ತದೆ, ಬೆರಳು ಇಡುವ ಜಾಗದಲ್ಲೇ.

ಕೊಳ್ಳುವಾಗ ಏನು ನೋಡಬೇಕು?

ಅಂಗಡಿಯಲ್ಲಿ ಹಿಡಿದು ನೋಡುವ ಅವಕಾಶ ಇದ್ದರೆ ಚಿವುಟಿ ಹಿಡಿದು ಎರಡು ನಿಮಿಷ ಖಾಲಿ ಮಣೆಯ ಮೇಲೆ ಹೆಚ್ಚುವ ಚಲನೆ ಮಾಡಿ, ಕೈ ಬಿಚ್ಚಿ ಬೆರಳಿನ ಬುಡ ನೋಡಿ. ತೆಳ್ಳನೆಯ ಕೆಂಪು ಗೆರೆ ಇದ್ದರೆ ಅಂಚು ಚೂಪು. ಅಗಲವಾದ ಕೆಂಪು ಇದ್ದರೆ ಅಂಚು ಸರಿಯಿದೆ, ನೀವು ಬಿಗಿಯಾಗಿ ಹಿಡಿದಿದ್ದೀರಿ. ಆನ್‌ಲೈನ್ ಆದರೆ ಮೇಲಿಂದ ತೆಗೆದ ಬೆನ್ನಿನ ಫೋಟೊ ಮತ್ತು ಹಿಮ್ಮಡಿಯ ಹಿಂದಿನಿಂದ ತೆಗೆದ ಫೋಟೊ ಕೇಳಿ. ಹಿಂದೆ ಹೇಳಿದ ಮೂರು ಜಾಗದ ದಪ್ಪವನ್ನೂ ಕೇಳಿ. ಅಂಚು ಚೂಪಾಗಿದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಚಾಕು ಬಿಡಬೇಡಿ. ಅಂಚನ್ನು ಮನೆಯಲ್ಲಿ ತೆಗೆಯಬಹುದು, ಸರಿಯಿಲ್ಲದ ದಪ್ಪವನ್ನು ಮನೆಯಲ್ಲಿ ಸರಿಮಾಡುವುದು ಕಷ್ಟ.

ಎಲ್ಲ ಮಾಡಿದೆ. ಆದರೂ ನೋವು ಹೋಗಿಲ್ಲ.

ನೋವು ಎಲ್ಲಿದೆ ಎಂದು ನೋಡಿ. ಬೆರಳಿನ ಚರ್ಮದಲ್ಲಿದ್ದರೆ ಇನ್ನೂ ಎಲ್ಲೋ ಮೂಲೆ ಉಳಿದಿದೆ, ಹೆಚ್ಚಾಗಿ ಮಾಚಿಯ ಭುಜದಲ್ಲಿ. ಹೆಬ್ಬೆರಳಿನ ಬುಡದ ಸ್ನಾಯುವಿನಲ್ಲಿದ್ದರೆ ಹಿಡಿತ ಬಿಗಿ, ಅಥವಾ ಬಾಯಿ ಮೊಂಡಾಗಿ ನೀವು ಒತ್ತುತ್ತಿದ್ದೀರಿ. ಮೊದಲು ಸಾಣೆ ಹಿಡಿಯಿರಿ. ಮಣಿಕಟ್ಟಿನಲ್ಲಿದ್ದರೆ ಮಣೆಯ ಎತ್ತರ ನೋಡಿ. ನಿಂತು ತೋಳು ಇಳಿಬಿಟ್ಟಾಗ ಮಣೆ ಮೊಣಕೈಗಿಂತ ಒಂದು ಗೇಣಿನ ಒಳಗೆ ಕೆಳಗಿರಲಿ. ಗೆಣ್ಣು ಮಣೆಗೆ ಬಡಿಯುತ್ತಿದ್ದರೆ ಅಲಗಿನ ಎತ್ತರ ಕಡಿಮೆ ಇದೆ. ಹಿಮ್ಮಡಿಯಲ್ಲಿ 45 ಮಿ.ಮೀ.ಗಿಂತ ಕಡಿಮೆ ಇರುವ ಚಾಕುವಿನಲ್ಲಿ ದೊಡ್ಡ ಕೈಯವರಿಗೆ ಹೀಗಾಗುತ್ತದೆ. ಬೆನ್ನನ್ನು ಎಷ್ಟು ದುಂಡಗೆ ಮಾಡಿದರೂ ಅದಕ್ಕೆ ಪರಿಹಾರವಿಲ್ಲ, ಇನ್ನೂ ಎತ್ತರದ ಅಲಗು ಆರಿಸಿಕೊಳ್ಳಬೇಕು.